ಬಾಯಲ್ಲಿ ಹನ್ನೊಂದು ಮೊಳೆ

9 ಜನವರಿ

ಗುಬ್ಬಿಗೆ, ಬಾಯಿ ಬಿಡಲಾಗದ ಅಪ್ಪನ ಆಶೀರ್ವಾದ.

ನನ್ನ ಕೈಬರಹ ನೋಡಿ ಗಾಬರಿಯಾಗಬೇಡ. ಯಾರಿಗೂ ಏನೂ ಆಗಿಲ್ಲ. ನನ್ನ ದವಡೆ ಹಿಡಿದುಕೊಂಡಿದೆ, ಅಷ್ಟೇ. ಹೋದ ವಾರ ಫೋನಿನಲ್ಲಿ ನೀನು ‘ಅಪ್ಪ, ಕುಡಿದಿದ್ದೀರಾ?’ ಎಂದು ಕೇಳಿದೆಯಲ್ಲ, ಅದು ಕುಡಿದದ್ದಲ್ಲ. ಬಾಯಿ ಒಂದೇ ಬೆರಳಿನಷ್ಟು ತೆರೆಯುತ್ತದೆ. ಆ ಸಂದಿಯಲ್ಲಿ ಮಾತು ಹೊರಬರುವಷ್ಟರಲ್ಲಿ ಅದರ ಮುಖ ಮೂತಿ ಕೆಟ್ಟಿರುತ್ತದೆ. ಮೆಸೇಜ್ ಕುಟ್ಟೋಣವೆಂದರೆ ನನ್ನ ಬೆರಳು ಒಮ್ಮೆಗೆ ಮೂರು ಅಕ್ಷರ ಒತ್ತುತ್ತದೆ. ಹಾಗಾಗಿ ಕಾಗದ.

ಎರಡು ತಿಂಗಳ ಹಿಂದೆ ಎಡಗಿವಿಯ ಮುಂದೆ ಕಟಕ್ ಎಂಬ ಸದ್ದು ಶುರುವಾಯಿತು. ಆಮೇಲೆ ನೋವು. ಹಲ್ಲಿನದೇ ಇರಬೇಕೆಂದು ದಂತವೈದ್ಯೆಯ ಹತ್ತಿರ ಹೋದೆ. ಆಕೆ ಎಕ್ಸ್‌ರೇ ನೋಡಿ, ‘ಹಲ್ಲು ಗಟ್ಟಿಯಾಗಿದೆ, ಮುಟ್ಟೋದು ಬೇಡ’ ಎಂದರು. ನಾನೇ ಹಟ ಹಿಡಿದು ಎರಡನೇ ಸಲ ಹೋಗಿ ಕೀಳಿಸಿಕೊಂಡೆ. ಹಲ್ಲು ಹೋಯಿತು, ನೋವು ಕಾಲು ಚಾಚಿ ಕೂತಿದೆ.

ಹೋದ ವಾರ ಸೋಮವಾರ ಸಂಜೆ ಒಂದು ಕುರ್ಚಿಯ ಕೊನೆಯ ಸಾಲು ಹೊಡೆದು, ಉಳಿದ ಮೊಳೆಗಳನ್ನು ಅಂಗೈಗೆ ಉಗಿದು, ಆಕಳಿಸಲು ಹೋದೆ. ಬಾಯಿ ಅರ್ಧಕ್ಕೇ ನಿಂತಿತು. ಆವತ್ತಿನಿಂದ ಹೀಗೆ. ನಿನ್ನ ಅಮ್ಮ ಬಾಳೆಹಣ್ಣು ಹಿಸುಕಿ ಕೊಡುತ್ತಾಳೆ. ‘ಮೂವತ್ತೈದು ವರ್ಷದಲ್ಲಿ ಮೊದಲ ಸಲ ಮನೇಲಿ ಎದುರುತ್ತರ ಇಲ್ಲ’ ಎಂದು ಒಳಗೊಳಗೇ ಖುಷಿಯಾಗಿದ್ದಾಳೆ.

ಸಭಾಂಗಣದ ನೂರ ಇಪ್ಪತ್ತು ಕುರ್ಚಿಗಳಿಗೆ ಹೊಸ ಮೆತ್ತೆ ಕೂರಿಸಲು ಒಪ್ಪಿಕೊಂಡಿದ್ದೇನೆ. ಮೇ ಕೊನೆಗೆ ಕೊಡಬೇಕು. ಇಷ್ಟು ದೊಡ್ಡ ಕೆಲಸ ನನ್ನ ಅಂಗಡಿಗೆ ಬಂದದ್ದು ಇದೇ ಮೊದಲು. ತಲೆ ಸಿಡಿಯುತ್ತಿರುವಾಗ ಸುತ್ತಿಗೆ ಹಿಡಿಯುವುದು ಹೇಗೆ? ನೀನು ಓದಿದ್ದು ಕೀಲು, ಎಲುಬು, ಸ್ನಾಯುಗಳದ್ದೇ ಅಲ್ಲವೇ. ಏನು ಮಾಡಬೇಕೋ ಬರೆ, ಮಾಡುತ್ತೇನೆ.

ಬಲಗಡೆಯಲ್ಲಿ ಮಾತ್ರ ಅಗಿಯುತ್ತಿರುವ
ನಿನ್ನ ಅಪ್ಪ


17 ಜನವರಿ

ಅಪ್ಪನಿಗೆ ನಮಸ್ಕಾರ. ಬೈಯುವುದು ಆಮೇಲೆ.

ಆಯಿತು, ಈಗಲೇ ಬೈಯುತ್ತೇನೆ. ಚೆನ್ನಾಗಿದ್ದ ಹಲ್ಲನ್ನು ಹಟ ಹಿಡಿದು ಕೀಳಿಸಿಕೊಂಡಿರಾ? ಮಗಳು ಇದೇ ಕೆಲಸ ಮಾಡುತ್ತಾಳೆ ಎಂಬುದು ಹಲ್ಲು ಹೋಗಿ, ಬಾಯಿ ಕಟ್ಟಿ, ಎರಡು ತಿಂಗಳಾದ ಮೇಲೆ ನೆನಪಾಯಿತಾ?

ಕಿವಿಯ ಮುಂದೆ ಬೆರಳಿಟ್ಟು ಮೆಲ್ಲಗೆ ಬಾಯಿ ತೆರೆದು ನೋಡಿ. ಅಲ್ಲಿ ಓಡಾಡುವುದೇ ದವಡೆಯ ಕೀಲು. ಅದರೊಳಗೆ ಸಣ್ಣದೊಂದು ಮೆತ್ತೆ ಇರುತ್ತದೆ. ಅದು ಜಾಗ ತಪ್ಪಿದರೆ ಕಟಕ್ ಎನ್ನುತ್ತದೆ. ಪೂರ್ತಿ ಅಡ್ಡ ಬಂದರೆ ಬಾಯಿ ತೆರೆಯುವುದಿಲ್ಲ. ಸುತ್ತಲಿನ ಸ್ನಾಯುಗಳು ಹೆದರಿ ಬಿಗಿದುಕೊಳ್ಳುತ್ತವೆ. ಕತ್ತು, ಭುಜ ಎಲ್ಲ ಸೇರಿಕೊಳ್ಳುತ್ತವೆ. ಇದನ್ನು ಕಾಗದದಲ್ಲಿ ವಾಸಿ ಮಾಡಲಾಗುವುದಿಲ್ಲ. ಕೈಯಿಟ್ಟು ನೋಡಬೇಕು.

ಮುಂದಿನ ತಿಂಗಳ ಮೊದಲ ವಾರ ಎರಡು ದಿನ ರಜೆ ಹಾಕಿ ಬರುತ್ತೇನೆ. ನಾನೇ ನೋಡುತ್ತೇನೆ. ಅಲ್ಲಿಯವರೆಗೆ ಬಿಸಿ ಬಟ್ಟೆ ಇಡಿ, ಆಕಳಿಕೆ ಬಂದರೆ ಗದ್ದಕ್ಕೆ ಕೈ ಕೊಡಿ.

ರೈಲಿನ ವೇಳೆ ನೋಡುತ್ತಿರುವ
ಗುಬ್ಬಿ


24 ಜನವರಿ

ಗುಬ್ಬಿಗೆ,

ನೀನು ಬರುವುದು ಬೇಡ. ರಜೆ ಹಾಳು ಮಾಡಿಕೊಳ್ಳಬೇಡ. ಮಗಳಿಂದ ಬಾಯಿಗೆ ಕೈ ಹಾಕಿಸಿಕೊಳ್ಳುವ ಗತಿ ನನಗಿನ್ನೂ ಬಂದಿಲ್ಲ. ಇಲ್ಲಿ ಬೇರೆ ಯಾರಾದರೂ ಇದ್ದರೆ ಹೇಳು.

ಅಪ್ಪ


2 ಫೆಬ್ರವರಿ

ಅಪ್ಪನಿಗೆ,

ನಿಮ್ಮ ನಾಲ್ಕು ಸಾಲು ತಲುಪಿತು. ಟಿಕೆಟ್ ರದ್ದು ಮಾಡಿಸಿದೆ.

ನನಗಿಂತ ನಾಲ್ಕು ವರ್ಷ ಮುಂದೆ ಓದಿದವರೊಬ್ಬರು ನಿಮ್ಮ ಅಂಗಡಿಯಿಂದ ಎರಡು ಬೀದಿ ಆಚೆ, ಕೈಯಿಂದಲೇ ಕೀಲು, ಸ್ನಾಯು ಸಡಿಲಿಸುವ ಆಸ್ಟಿಯೋಪತಿ ಚಿಕಿತ್ಸಾಲಯ ನಡೆಸುತ್ತಾರೆ, ಔಷಧಿ ಅಂಗಡಿಯ ಮಹಡಿಯಲ್ಲಿ. ಬುಧವಾರ ಸಂಜೆ ಐದಕ್ಕೆ ನಿಮ್ಮ ಹೆಸರು ಬರೆಸಿದ್ದೇನೆ.

‘ನನ್ನ ಮಗಳು ಮೈ ತಿಕ್ಕುವ ಕೆಲಸಕ್ಕೆ ಹೋದಳು’ ಎಂದು ಬಂದ ಗಿರಾಕಿಗಳಿಗೆಲ್ಲ ನೀವು ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿದ್ದು ನಾಲ್ಕು ವರ್ಷವಾಯಿತು. ಆವತ್ತಿನಿಂದ ನಾನು ಮನೆಗೆ ಬಂದು ಒಂದು ದಿನಕ್ಕಿಂತ ಹೆಚ್ಚು ಉಳಿದಿಲ್ಲ. ನಿಮಗೆ ಗೊತ್ತಾಗಿರಲಿ ಎಂದು ಬರೆದೆ. ಅವರೂ ಅದೇ ಕೆಲಸ ಮಾಡುತ್ತಾರೆ. ಅವರೆದುರಾದರೂ ಹಾಗೆನ್ನಬೇಡಿ.

ಮಗಳು


20 ಫೆಬ್ರವರಿ

ಗುಬ್ಬಿಗೆ, ಅರ್ಧ ಬಾಯಿಯ ಆಶೀರ್ವಾದ.

ನಿನ್ನ ಡಾಕ್ಟರರಿಗೆ ನಾನು ‘ಮೆತ್ತನೆ ಕೈ’ ಎಂದು ಹೆಸರಿಟ್ಟಿದ್ದೇನೆ. ಸೂಜಿ ಇಲ್ಲ, ಮಾತ್ರೆ ಇಲ್ಲ, ಬರೀ ಕೈ. ಮೊದಲ ದಿನ ನನ್ನನ್ನು ಮಲಗಿಸಿ ತಲೆಯ ಕೆಳಗೆ ಎರಡೂ ಕೈಯಿಟ್ಟು ಸುಮ್ಮನೆ ಕೂತರು. ಐದು ನಿಮಿಷ, ಹತ್ತು ನಿಮಿಷ. ಇವರಿಗೇ ನಿದ್ದೆ ಬಂತೇನೋ ಎಂದು ಕಣ್ಣು ಬಿಟ್ಟು ನೋಡಿದೆ. ‘ಕೆಲಸ ಮಾಡ್ತಿದೀನಿ, ಕಣ್ಣು ಮುಚ್ಕೊಳ್ಳಿ’ ಎಂದರು. ಆಮೇಲೆ ಕೈಗವಸು ಹಾಕಿಕೊಂಡು ಬಾಯೊಳಗೆ ಹೆಬ್ಬೆರಳು ತೂರಿಸಿ ಕೆನ್ನೆಯ ಒಳಭಾಗ ಒತ್ತಿದರು. ನನ್ನ ಕಣ್ಣಲ್ಲಿ ನೀರು ಬಂತು. ಆ ಸ್ಥಿತಿಯಲ್ಲಿ ‘ನೋವಾಗ್ತಿದ್ಯಾ?’ ಎಂದು ಬೇರೆ ಕೇಳುತ್ತಾರೆ. ಬಾಯಲ್ಲಿ ಅವರ ಬೆರಳಿಟ್ಟುಕೊಂಡು ನಾನು ಏನು ಹೇಳಲಿ?

ಮೆತ್ತೆ ಜಾರಿದೆ ಎಂದು ಅವರೂ ಹೇಳಿದರು. ಜಾರಿದ ಮೆತ್ತೆ ಬಿಚ್ಚಿ ಸರಿಯಾಗಿ ಕೂರಿಸಿ ನಾಲ್ಕು ಮೊಳೆ ಹೊಡೆದರೆ ಮುಗಿಯಿತು, ನಲವತ್ತೈದು ವರ್ಷದಿಂದ ಅದನ್ನೇ ತಾನೇ ಮಾಡುತ್ತಿರುವುದು ಎಂದೆ. ಅವರು ನಕ್ಕರು. ನಾನು ತಮಾಷೆಗೆ ಹೇಳಿದ್ದಲ್ಲ.

ಮನೆಯಲ್ಲಿ ಮಾಡಲು ಪಾಠ ಕೊಟ್ಟಿದ್ದಾರೆ. ನಾಲಗೆಯ ತುದಿ ಮೇಲಿನ ಹಲ್ಲಿನ ಹಿಂದೆ, ಹಾಗೆಯೇ ಮೆಲ್ಲಗೆ ಬಾಯಿ ತೆರೆಯುವುದು. ದಿನವಿಡೀ ತುಟಿ ಮುಚ್ಚಿರಬೇಕು, ಹಲ್ಲಿಗೆ ಹಲ್ಲು ತಾಗಬಾರದು. ಮಾಡಿ ನೋಡು. ಮುಖ ಪೆದ್ದನ ಹಾಗೆ ಕಾಣುತ್ತದೆ. ನಿನ್ನ ಅಮ್ಮ ‘ಯಾಕೆ ಹಾಗೆ ನೋಡ್ತೀರಾ, ನಾನೇನು ಮಾಡ್ದೆ?’ ಎಂದು ಕೇಳಿದಳು.

ಬೇರೇನೂ ಇಲ್ಲ. ನೀನು ಬರೆದ ಕೊನೆಯ ವಿಷಯ ಓದಿದೆ.

ಅಪ್ಪ


3 ಮಾರ್ಚ್

ಅಪ್ಪನಿಗೆ,

ಅವರೊಡನೆ ಫೋನಿನಲ್ಲಿ ಮಾತಾಡಿದೆ. ಚಿಕಿತ್ಸೆಯಾದ ಮೇಲೆ ಎರಡು ಬೆರಳು ತೆರೆಯುತ್ತದೆ, ಮುಂದಿನ ಬುಧವಾರದ ಹೊತ್ತಿಗೆ ಮತ್ತೆ ಒಂದಕ್ಕೆ ಬಂದು ನಿಂತಿರುತ್ತದೆ ಎಂದರು. ಅವರಿಗೂ ತಲೆಕೆಟ್ಟಿದೆ. ಕೀಲಿಗೆ ಹೊರೆ ಬೀಳುತ್ತಲೇ ಇದ್ದರೆ ಕೈ ಎಷ್ಟು ಸಡಿಲಿಸಿದರೂ ನಿಲ್ಲುವುದಿಲ್ಲ. ಆ ಹೊರೆ ಎಲ್ಲಿಂದ ಎಂಬುದೇ ಪ್ರಶ್ನೆ.

ಆದ್ದರಿಂದ ದಯವಿಟ್ಟು ಸರಿಯಾಗಿ ಉತ್ತರಿಸಿ. ನಿದ್ದೆಯಲ್ಲಿ ಹಲ್ಲು ಕಡಿಯುತ್ತೀರಾ? ಅಮ್ಮನನ್ನು ಕೇಳಿ. ಉಗುರು ಕಚ್ಚುತ್ತೀರಾ? ಪೆನ್ನು, ಕಡ್ಡಿ? ಫೋನನ್ನು ಭುಜ ಮತ್ತು ಕಿವಿಯ ನಡುವೆ ಒತ್ತಿ ಹಿಡಿಯುತ್ತೀರಾ? ಗದ್ದಕ್ಕೆ ಕೈಯೂರಿ ಕೂರುತ್ತೀರಾ? ಹೊಟ್ಟೆಯ ಮೇಲೆ ಮಲಗುತ್ತೀರಾ?

ಗುಬ್ಬಿ


12 ಮಾರ್ಚ್

ಗುಬ್ಬಿಗೆ,

ಇಲ್ಲ. ಇಲ್ಲ. ಇಲ್ಲ. ಇಲ್ಲ. ಇಲ್ಲ. ಇಲ್ಲ.

ಕೋರ್ಟಿನಲ್ಲಿ ನಿಂತ ಹಾಗಾಗಿದೆ. ಮೆತ್ತನೆ ಕೈಯವರೂ ಇದನ್ನೇ ಕೇಳಿದರು, ಅವರಿಗೂ ಇದನ್ನೇ ಹೇಳಿದೆ. ನನಗೆ ಯಾವ ಕೆಟ್ಟ ಅಭ್ಯಾಸವೂ ಇಲ್ಲ. ಎಲೆ ಅಡಿಕೆ ಕೂಡ ಹಾಕಿದವನಲ್ಲ.

ಒಂದು ವಿಚಿತ್ರ ಗಮನಿಸಿದೆ. ಭಾನುವಾರ ಸಂಜೆ ಪರವಾಗಿಲ್ಲ ಎನಿಸುತ್ತದೆ. ಸೋಮವಾರ ಸಂಜೆಗೆ ಮತ್ತೆ ಬೀಗ. ಇದಕ್ಕೆ ನಿಮ್ಮ ಶಾಸ್ತ್ರದಲ್ಲಿ ಏನಾದರೂ ಇದೆಯೇ? ಇಪ್ಪತ್ತೆರಡು ಕುರ್ಚಿ ಮುಗಿದಿವೆ. ಈ ಹೊತ್ತಿಗೆ ಐವತ್ತಾಗಬೇಕಿತ್ತು.

ಅಪ್ಪ


21 ಮಾರ್ಚ್

ಅಪ್ಪನಿಗೆ,

ಸೋಮವಾರ ಎಂದರೆ ಕೆಲಸದ ಒತ್ತಡ. ಅಷ್ಟೇ. ನೂರ ಇಪ್ಪತ್ತು ಕುರ್ಚಿಯ ಚಿಂತೆಯಲ್ಲಿ ನಿಮಗೇ ಗೊತ್ತಿಲ್ಲದೆ ಹಲ್ಲು ಬಿಗಿಯುತ್ತಿದ್ದೀರಿ. ಮನಸ್ಸಿನಲ್ಲಿ ಏನಾದರೂ ಕೊರೆಯುತ್ತಿದ್ದರೆ ಹೇಳಿಬಿಡಿ. ಯಾರಿಗಾದರೂ. ನನಗೇ ಆಗಬೇಕೆಂದೇನೂ ಇಲ್ಲ.

ಗುಬ್ಬಿ


11 ಏಪ್ರಿಲ್

ಮಗಳೇ,

ಇವತ್ತು ಆದದ್ದನ್ನು ಕೇಳು. ಚಿಕಿತ್ಸೆಯ ಮೇಜಿನ ರೆಕ್ಸಿನ್ ಹರಿದಿದೆ ಎಂದು ಮೆತ್ತನೆ ಕೈಯವರು ನಮ್ಮ ಅಂಗಡಿಗೆ ಬಂದರು. ನಾನು ಬೆನ್ನು ಮಾಡಿ ಕೆಲಸದಲ್ಲಿದ್ದೆ. ಯಾವಾಗ ಬಂದು ಬಾಗಿಲಲ್ಲಿ ನಿಂತರೋ ಗೊತ್ತಿಲ್ಲ. ತಿರುಗಿದರೆ ಅವರ ಮುಖ ಬಿಳಚಿಕೊಂಡಿದೆ.

‘ಬಾಯಲ್ಲಿ ಏನದು?’ ಎಂದರು.

ಅಂಗೈಗೆ ಉಗಿದು ತೋರಿಸಿದೆ. ಹನ್ನೊಂದು ಮೊಳೆ ಇದ್ದವು. ಹದಿನೈದು ಹಾಕಿಕೊಂಡಿದ್ದೆ, ನಾಲ್ಕು ಹೊಡೆದಾಗಿತ್ತು.

‘ಎಷ್ಟು ಹೊತ್ತು ಹೀಗೆ ಇಟ್ಕೊಂಡಿರ್ತೀರಿ?’

‘ಅಂಗಡಿ ತೆಗೆದಾಗಿಂದ ಮುಚ್ಚೋವರೆಗೂ. ಖಾಲಿಯಾದ ಹಾಗೆ ತುಂಬ್ಕೋತೀನಿ.’

‘ಎಷ್ಟು ವರ್ಷದಿಂದ?’

‘ಹದಿಮೂರನೇ ವಯಸ್ಸಿಂದ.’

ಅವರು ಹಾಗೆಯೇ ಹಿಂದಕ್ಕೆ ಕೂತರು. ಕೂತದ್ದು ಇನ್ನೂ ಪಟ್ಟಿ ಬಿಗಿಯದ ಸೋಫಾ. ಸ್ಪ್ರಿಂಗುಗಳ ನಡುವೆ ಮೊಣಕಾಲು ಗದ್ದಕ್ಕೆ ಬರುವವರೆಗೆ ಇಳಿದುಹೋದರು. ಅಲ್ಲಿಂದಲೇ ಕೂಗಿದರು: ‘ನಾನು ಮೂರು ಸಲ ಕೇಳಿದ್ನಲ್ಲ ಸ್ವಾಮಿ, ಬಾಯಲ್ಲಿ ಏನಾದ್ರೂ ಕಚ್ಚಿಡೋ ಅಭ್ಯಾಸ ಇದ್ಯಾ ಅಂತ!’

‘ಅದು ಅಭ್ಯಾಸ ಅಲ್ಲ, ಕೆಲಸ’ ಎಂದೆ.

ಎದ್ದು ಬಂದು ಇನ್ನೊಮ್ಮೆ ಮಾಡಿ ತೋರಿಸಲು ಹೇಳಿದರು. ಎಡಗೆನ್ನೆಯಲ್ಲಿ ಮೊಳೆಗಳ ರಾಶಿ, ನಾಲಗೆಯಿಂದ ಒಂದನ್ನು ತಿರುಗಿಸಿ ತಲೆ ಮುಂದೆ ಮಾಡಿ ತುಟಿಗೆ ತರುವುದು, ದವಡೆ ಮುಂದಕ್ಕೆ ಚಾಚಿ ಅಯಸ್ಕಾಂತದ ಸುತ್ತಿಗೆಗೆ ಅಂಟಿಸುವುದು, ಹೊಡೆಯುವುದು. ದಿನಕ್ಕೆ ಎಷ್ಟು ಸಾವಿರ ಸಲ ದವಡೆ ಹೀಗೆ ಒಂದೇ ಕಡೆಗೆ ಚಾಚುತ್ತೀರಿ, ಲೆಕ್ಕ ಇದೆಯೇ ಎಂದರು. ಬುಧವಾರ ನಾನು ಸಡಿಲಿಸಿದ್ದನ್ನು ಗುರುವಾರ ನೀವು ಮೊಳೆ ಹೊಡೆದು ಬಿಗಿಯುತ್ತಿದ್ದಿರಿ ಎಂದರು. ಇನ್ನು ಮೇಲೆ ಬಾಯಿಗೆ ಒಂದೂ ಮೊಳೆ ಹಾಕಬಾರದಂತೆ.

ಅವರಿಗೆ ಗೊತ್ತಿರಲಿಲ್ಲ, ಒಪ್ಪಿದೆ. ನಿನಗೆ ಗೊತ್ತಿತ್ತು! ಉಗುರು ಕೇಳಿದೆ, ಕಡ್ಡಿ ಕೇಳಿದೆ, ಮನಸ್ಸಿನಲ್ಲಿ ಏನು ಕೊರೆಯುತ್ತಿದೆ ಎಂದು ಕೇಳಿದೆ. ಆ ಬೆಂಚಿನ ಪಕ್ಕದಲ್ಲಿ ಬೆಳೆದವಳು ನೀನು. ಮೂರು ತಿಂಗಳು ಹೋಯಿತು. ಒಂದು ಹಲ್ಲು ಹೋಯಿತು. ಏನು ಓದಿದೆ ನೀನು?

ಅಪ್ಪ


19 ಏಪ್ರಿಲ್

ಅಪ್ಪನಿಗೆ,

ನಿಮ್ಮ ಕಾಗದ ಓದಿ ಎರಡು ದಿನ ನಾನು ಯಾವ ರೋಗಿಯನ್ನೂ ಸರಿಯಾಗಿ ನೋಡಲಿಲ್ಲ. ನೀವು ಹೇಳಿದ್ದು ನಿಜ. ಬಂದ ಪ್ರತಿಯೊಬ್ಬರನ್ನೂ ನಾನು ಕೇಳುತ್ತೇನೆ. ದರ್ಜಿ ಬಂದರೆ ಗುಂಡುಪಿನ್ನಿನ ಬಗ್ಗೆ ಕೇಳುತ್ತೇನೆ, ಬಡಗಿ ಬಂದರೆ ಪೆನ್ಸಿಲಿನ ಬಗ್ಗೆ ಕೇಳುತ್ತೇನೆ. ನನ್ನ ಅಪ್ಪನ ಬಾಯಲ್ಲಿ ಮೊಳೆ ಇರುತ್ತದೆ ಎಂಬುದು ನನಗೆ ಹೊಳೆಯಲೇ ಇಲ್ಲ. ಯಾಕೆಂದರೆ ಮೊಳೆ ಇಲ್ಲದ ನಿಮ್ಮ ಬಾಯಿ ನೆನಪಿಸಿಕೊಳ್ಳಲು ಹೋದರೆ ಊಟದ ಹೊತ್ತು ಮಾತ್ರ ಕಣ್ಣಿಗೆ ಬರುತ್ತದೆ. ನಿಮ್ಮ ಮೂಗನ್ನು ರೋಗಲಕ್ಷಣ ಎಂದುಕೊಳ್ಳುತ್ತೇನಾ? ಹಾಗೆಯೇ ಇದೂ. ನಾನು ಎಡವಿದೆ. ನನ್ನ ಮೇಲೆ ನನಗೇ ಅಸಹ್ಯವಾಗಿದೆ.

ಆದರೆ ‘ಬೆಂಚಿನ ಪಕ್ಕದಲ್ಲಿ ಬೆಳೆದವಳು’ ಎಂದು ನೀವು ಬರೆಯಬಾರದಿತ್ತು. ನಾನು ಅಲ್ಲಿ ಕೂತದ್ದು ಹನ್ನೊಂದನೇ ವಯಸ್ಸಿನವರೆಗೆ ಮಾತ್ರ. ನೀವೇ ಕಲಿಸಿದಿರಿ. ಆರು ಮೊಳೆ ಹಿಡಿಯುತ್ತಿದ್ದೆ. ಒಂದು ದಿನ ನಗು ಬಂದು ಒಂದನ್ನು ನುಂಗಿಬಿಟ್ಟೆ. ಎರಡು ದಿನ ಆಸ್ಪತ್ರೆ, ಅದಾಗಿಯೇ ಹೊರಗೆ ಬಂತು, ಮುಗಿಯಿತು. ಮನೆಗೆ ಬಂದು ನೋಡಿದರೆ ನನ್ನ ಸ್ಟೂಲ್ ಇಲ್ಲ. ‘ಎಲ್ಲಿ?’ ಎಂದೆ. ನೀವು ತಿರುಗಲೂ ಇಲ್ಲ. ‘ಹೋಗಿ ಓದ್ಕೋ’ ಎಂದಿರಿ. ಆಮೇಲೆ ಒಂದು ದಿನವೂ ಕರೆಯಲಿಲ್ಲ.

ಒಂದು ಮೊಳೆ ನುಂಗಿದ್ದಕ್ಕೆ ನಾನು ಕೆಲಸಕ್ಕೆ ಬಾರದವಳು ಎಂದು ತೀರ್ಮಾನವಾಯಿತು ಅಂದುಕೊಂಡೆ. ಈಗಲೂ ಹಾಗೆಯೇ ಅಂದುಕೊಂಡಿದ್ದೇನೆ. ಕೈಯಿಂದ ಮಾಡುವ ಇನ್ನೊಂದು ಕೆಲಸ ಹುಡುಕಿಕೊಂಡೆ. ಅದನ್ನು ಹೇಳಲು ಬಂದಾಗ ನಿಮ್ಮ ಬಾಯಲ್ಲಿ ಮೊಳೆ ಇತ್ತು. ‘ಹ್ಞೂಂ’ ಎಂದಿರಿ. ಆ ‘ಹ್ಞೂಂ’ ಬೇಡ ಎಂದೋ, ಆಗಲಿ ಎಂದೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಗುಬ್ಬಿ


6 ಜೂನ್

ಗುಬ್ಬಿಗೆ,

ಒಂದೂವರೆ ತಿಂಗಳು ಬರೆಯಲಿಲ್ಲ. ನಾಲ್ಕು ಸಲ ಶುರು ಮಾಡಿ ಹರಿದೆ. ನಿನ್ನ ಅಮ್ಮ ಹರಿದ ಚೂರುಗಳನ್ನು ಗುಡಿಸುತ್ತ, ‘ಇದನ್ನೇ ಕಳ್ಸಿದ್ರೂ ಅವಳಿಗೆ ಅರ್ಥ ಆಗ್ತಿತ್ತು’ ಎಂದಳು.

ಮೊದಲು ದವಡೆಯ ವಿಷಯ. ಈಗ ಎರಡೂವರೆ ಬೆರಳು ತೆರೆಯುತ್ತದೆ. ಕಟಕ್ ಇನ್ನೂ ಇದೆ. ಆ ಮೆತ್ತೆ ಪೂರ್ತಿ ತನ್ನ ಜಾಗಕ್ಕೆ ಹೋಗದೇ ಇರಬಹುದು, ಹಾಗೆಯೇ ಬದುಕಬಹುದು ಎಂದು ಮೆತ್ತನೆ ಕೈಯವರು ನೇರವಾಗಿ ಹೇಳಿದರು. ಸುಳ್ಳು ಭರವಸೆ ಕೊಡದಿದ್ದಕ್ಕೆ ಅವರ ಮೇಲೆ ಗೌರವ ಬಂತು, ಕೋಪವೂ ಬಂತು. ಅನ್ನ ತಿನ್ನುತ್ತಿದ್ದೇನೆ. ಸೇಬು ಕಚ್ಚಲು ಧೈರ್ಯವಿಲ್ಲ.

ಮೊಳೆಗಳನ್ನು ಈಗ ಡಬ್ಬಿಯಲ್ಲಿಟ್ಟು ಒಂದೊಂದಾಗಿ ಕೈಯಲ್ಲಿ ತೆಗೆಯುತ್ತೇನೆ. ಮೊದಲ ವಾರ ಹೆಬ್ಬೆರಳಿಗೆ ಎಷ್ಟು ಸಲ ಹೊಡೆದುಕೊಂಡೆನೋ. ಐವತ್ತೆಂಟನೇ ವಯಸ್ಸಿನಲ್ಲಿ ನಿನ್ನೆ ಕೆಲಸಕ್ಕೆ ಸೇರಿದವನ ಹಾಗೆ ಕೂತಿದ್ದೇನೆ. ಒಂದು ಕುರ್ಚಿಗೆ ಹಿಡಿಯುತ್ತಿದ್ದ ಹೊತ್ತು ಎರಡರಷ್ಟಾಗಿದೆ. ಸಭಾಂಗಣದವರು ಕಾದು ಕಾದು, ಉಳಿದ ಅರವತ್ತು ಕುರ್ಚಿಗಳನ್ನು ಎದುರು ಅಂಗಡಿಯವನಿಗೆ ಕೊಟ್ಟರು. ಅವನು ಮೊಳೆ ಮುಟ್ಟುವುದಿಲ್ಲ, ಗನ್ನಿನಲ್ಲಿ ಪಿನ್ ಹೊಡೆಯುತ್ತಾನೆ. ಟಪಟಪ ಎನ್ನುವ ಆ ಸದ್ದನ್ನು ದಿನವಿಡೀ ಕೇಳಬೇಕು. ಹೊಟ್ಟೆ ಉರಿಯುತ್ತದೆ. ಸಿಟ್ಟಿನಲ್ಲಿ ಒಂದು ದಿನ ಐದು ಮೊಳೆ ಬಾಯಿಗೆ ಹಾಕಿಕೊಂಡೆ. ಎಷ್ಟು ಹಿತವಾಯಿತು ಗೊತ್ತೇ! ಸಂಜೆಗೆ ಮತ್ತೆ ಬೀಗ. ಇದನ್ನು ಅವರಿಗೆ ಹೇಳಿಲ್ಲ. ನಿನಗೆ ಹೇಳುತ್ತಿದ್ದೇನೆ.

ಈಗ ಇನ್ನೊಂದು ವಿಷಯ.

ಆ ಎರಡು ದಿನ ನಾನು ಆಸ್ಪತ್ರೆಯ ವರಾಂಡದಲ್ಲಿದ್ದೆ. ಎಕ್ಸ್‌ರೇಯಲ್ಲಿ ನಿನ್ನ ಹೊಟ್ಟೆಯೊಳಗೆ ನನ್ನ ಮೊಳೆ ಕಾಣುತ್ತಿತ್ತು. ಚೂಪು ತುದಿ ಮೇಲೆ, ತಲೆ ಕೆಳಗೆ. ಆವತ್ತು ನಾನೇ ನಿನ್ನನ್ನು ಕೊಂದೆ ಎಂದುಕೊಂಡೆ. ನೀನು ಮತ್ತೆ ಪಕ್ಕದಲ್ಲಿ ಕೂತು ಬಾಯಿಗೆ ಮೊಳೆ ಹಾಕುವುದನ್ನು ನೋಡುವ ಧೈರ್ಯವಿರಲಿಲ್ಲ, ನೀನು ಮನೆಗೆ ಬರುವ ಮೊದಲೇ ಅಂಗಡಿಗೆ ಹೋದೆ. ಸ್ಟೂಲನ್ನು ಒಡೆದು ಒಲೆಗೆ ಹಾಕಿದೆ. ನೀನು ಎಲ್ಲಿ ಎಂದು ಕೇಳಿದಾಗ ತಿರುಗದೇ ಇದ್ದದ್ದು ಮುಖ ತೋರಿಸಲಾಗದೆ. ನೀನು ಕೆಲಸಕ್ಕೆ ಬಾರದವಳಲ್ಲ. ನಿನ್ನಷ್ಟು ನೆಟ್ಟಗೆ ಮೊಳೆ ಹೊಡೆಯುವ ಕೈಯನ್ನು ಆಮೇಲೆ ನಾನು ನೋಡಿಲ್ಲ.

ಇದನ್ನು ಆಗಲೇ ಹೇಳಬೇಕಿತ್ತು. ಬಾಯಲ್ಲಿ ಮೊಳೆ ಇತ್ತು ಎಂದು ನೆಪ ಹೇಳಬಹುದು. ಊಟದ ಹೊತ್ತಿನಲ್ಲಿ ಇರಲಿಲ್ಲ, ಆಗಲೂ ಹೇಳಲಿಲ್ಲ. ಸೋಫಾ ರಿಪೇರಿಯವನ ಮಗಳು ಎನಿಸಿಕೊಳ್ಳಲು ನಿನಗೆ ನಾಚಿಕೆ, ಅದಕ್ಕೇ ಬೇರೆ ದಾರಿ ಹಿಡಿದೆ ಎಂದುಕೊಂಡು ನಾನು ಉರಿದೆ. ಮೈ ತಿಕ್ಕುವ ಕೆಲಸ ಎಂದು ಹೇಳಿಕೊಂಡು ತಿರುಗಿದ್ದು ಆ ಉರಿಯಲ್ಲಿ. ಜನವರಿಯಲ್ಲಿ ನಿನ್ನನ್ನು ಬೇಡವೆಂದದ್ದೂ ಅದಕ್ಕೇ. ನಿನ್ನ ಕೈಯಿಂದ ನನಗೆ ವಾಸಿಯಾಗಿಬಿಟ್ಟಿದ್ದರೆ ನಾನು ಅಷ್ಟು ವರ್ಷ ಆಡಿದ್ದನ್ನೆಲ್ಲ ನುಂಗಬೇಕಾಗುತ್ತಿತ್ತು.

ಆ ‘ಹ್ಞೂಂ’ ಏನು ಎಂದು ಕೇಳಿದ್ದೀಯ. ನನಗೂ ಸರಿಯಾಗಿ ಗೊತ್ತಿಲ್ಲ, ಗುಬ್ಬಿ. ನೀನು ಹೋಗುವುದು ನನಗೆ ಇಷ್ಟವಿರಲಿಲ್ಲ, ಬೇಡ ಎನ್ನುವ ಮುಖವೂ ನನಗಿರಲಿಲ್ಲ.

ಅಪ್ಪ


15 ಜೂನ್

ಅಪ್ಪ,

ಇಪ್ಪತ್ತೆರಡು ವರ್ಷ! ಒಂದು ಮಾತಿಗೆ ಇಪ್ಪತ್ತೆರಡು ವರ್ಷ ಬೇಕಾಯಿತಾ? ನಿಮ್ಮ ಮೇಲೆ ಬಂದಿರುವ ಸಿಟ್ಟಿಗೆ ಈ ಕಾಗದ ಸಾಲುವುದಿಲ್ಲ. ಓದುತ್ತ ಅತ್ತೆ, ಅಳುತ್ತಲೇ ನಿಮ್ಮನ್ನು ಬೈದೆ. ಪಕ್ಕದ ಕೋಣೆಯವರು ಬಂದು ಏನಾಯಿತು ಎಂದು ಕೇಳಿದರು.

ಶುಕ್ರವಾರ ಬೆಳಗಿನ ರೈಲಿಗೆ ಬರುತ್ತಿದ್ದೇನೆ. ಬೇಡ ಎಂದು ಬರೆದರೂ ಬರುತ್ತೇನೆ. ನಾಲ್ಕು ದಿನ ಇರುತ್ತೇನೆ. ನೀವು ಬಾಯಿಬಿಟ್ಟು ಕೇಳುವವರೆಗೆ ನಿಮ್ಮ ದವಡೆಯನ್ನು ಮುಟ್ಟುವುದಿಲ್ಲ. ಇದು ಹಟ ಎನ್ನಿ, ಏನಾದರೂ ಎನ್ನಿ. ಅಮ್ಮನ ಕೈಯಲ್ಲಿ ಹೇಳಿಸಬೇಡಿ, ಕೈಸನ್ನೆ ಮಾಡಬೇಡಿ. ಹ್ಞೂಂ ಎಂದರೆ ಎದ್ದು ಹೊರಟುಬಿಡುತ್ತೇನೆ.

ಗುಬ್ಬಿ


18 ಜೂನ್

ಗುಬ್ಬಿಗೆ,

ಶುಕ್ರವಾರ ಅಂಗಡಿ ತೆರೆಯುವುದಿಲ್ಲ. ಸ್ಟೇಷನ್ನಿಗೆ ನಾನೇ ಬರುತ್ತೇನೆ. ನಿನ್ನನ್ನು ಬಾಯಿಬಿಟ್ಟು ಕೇಳಬೇಕಾದ್ದನ್ನು ಕನ್ನಡಿಯ ಮುಂದೆ ನಿಂತು ನಿನ್ನೆಯಿಂದ ಹೇಳಿ ನೋಡುತ್ತಿದ್ದೇನೆ. ಮೊದಲೆರಡು ಸಲ ಮಾತು ಹೊರಗೆ ಬರಲಿಲ್ಲ. ಅದಕ್ಕೆ ದವಡೆ ಕಾರಣವಲ್ಲ.

ಕೇಳುತ್ತೇನೆ.

ಅಪ್ಪ